ಸಂಜೆಗೆ ಇಸ್ಕೋನ

ಎಲ್ಲಕ್ಕೂ ಮೂಲ ಬಿ.ಎ. ತರಗತಿಗೆ ಪಠ್ಯವಾಗಿದ್ದ ಒಂದು ಇಂಗ್ಲಿಷ್ ಕಾದಂಬರಿ. ಅದರಲ್ಲಿ ಮಳೆ ಬಂದರೂ, ಮದುವೆ ಮುರಿದರೂ, ಮನೆಯಲ್ಲಿ ಯಾರಾದರೂ ಸತ್ತರೂ ಜನ ಕೂತು ಟೀ ಕುಡಿಯುತ್ತ ಸ್ಕೋನ್ ತಿನ್ನುತ್ತಿದ್ದರು. ಸ್ಕೋನ್ ಎಂದರೇನೆಂದು ಮೇಷ್ಟ್ರು ಹೇಳಲಿಲ್ಲ. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಬಂಗಾರಪೇಟೆಯ ಅಶ್ವತ್ಥಮ್ಮ ಅದೊಂದು ಮೀನು ಎಂದು ವಾದಿಸಿದಳು. ಅವಳ ಬೀದಿಯವಳೇ ಆದ ಅಮ್ಮಾಜಿ ಪೂರಿಯ ಜಾತಿ ಎಂದಳು. ಜಗಳ ತೀರುವ ಮೊದಲೇ ಇಬ್ಬರೂ ಪಾಸಾಗಿಬಿಟ್ಟರು.

ಮೂರನೆಯವಳು ಚಿನ್ನದ ಗಣಿಯ ಊರಾದ ಉರಿಗಾಂನ ಆದಿಲಕ್ಷ್ಮಿ. ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೂ ಕಂಡಕ್ಟರಿಗೆ ಹೇಳಲು ನಾಚಿ, ಮುಂದೆ ಎಲ್ಲೋ ಯಾರೋ ಇಳಿದಾಗ ತಾನೂ ಇಳಿದು ಹಿಂದಕ್ಕೆ ನಡೆದು ಬರುವ ಹುಡುಗಿ. ಮೇಲಿನ ಬೀದಿಯ ಡೈಸಿ ಆಂಟಿಗೆ ಸ್ಕೋನ್ ಮಾಡಲು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಹೋಗಿ ಕೇಳುವ ಧೈರ್ಯ ಬರುವಷ್ಟರಲ್ಲಿ ಯುಗಾದಿಯೂ ಕಳೆದು ಗಣೇಶನೂ ಕಳೆದ. ಕೊನೆಗೆ ಕೇಳಿಕೊಂಡು ಬಂದವಳೇ ಇಬ್ಬರು ಗೆಳತಿಯರಿಗೂ ಕಾರ್ಡು ಹಾಕಿದಳು: ಭಾನುವಾರ ಟೀಗೆ ಬನ್ನಿ. ಹುಟ್ಟಿದಂದಿನಿಂದ ಅವಳು ಯಾರನ್ನಾದರೂ ಮನೆಗೆ ಕರೆದದ್ದು ಇದೇ ಮೊದಲು. ಅಪ್ಪ ಅಮ್ಮ ಮುಳಬಾಗಿಲಿಗೆ ನಾಮಕರಣಕ್ಕೆ ಹೋಗುವ ದಿನ ನೋಡಿಯೇ ಕರೆದಿದ್ದಳು. ಮೂವರೇ ಕೂತು, ಮೆಲ್ಲಗೆ ಮಾತಾಡುತ್ತ ತಿನ್ನಬೇಕು. ಅಷ್ಟೇ ಅವಳ ಆಸೆ.

ಸ್ಕೋನ್ ಎಂದರೆ ಓವನ್ನಿನಲ್ಲಿ ಬೇಯಿಸುವ ಪುಟ್ಟ ಬನ್ನಿನಂಥ ತಿಂಡಿ. ಮನೆಯಲ್ಲಿ ಓವನ್ ಇರಲಿಲ್ಲ. 'ದಬರಿಗೆ ಮರಳು ತುಂಬಿ ಸ್ಟೌವ್ ಮೇಲಿಡು, ಮುಚ್ಚಳದ ಮೇಲೆ ಕೆಂಡ ಹಾಕು' ಎಂದಿದ್ದರು ಆಂಟಿ. ಬೆಳಿಗ್ಗೆ ಬೀದಿಯ ಕೊನೆಯಲ್ಲಿ ಕಟ್ಟುತ್ತಿದ್ದ ಮನೆಯ ಹತ್ತಿರ ಹೋಗಿ ಬುಟ್ಟಿಯಲ್ಲಿ ಮರಳು ಹೊತ್ತು ತರುವಾಗ ಪಕ್ಕದ ಮನೆಯ ಮುನಿಶಾಮಮ್ಮ ಗೋಡೆಯ ಮೇಲಿಂದ ತಲೆ ಹಾಕಿದಳು. ಆ ತಲೆ ಆ ಗೋಡೆಗೆ ಕಲಶವಿಟ್ಟಂತೆ ಸದಾ ಇರುತ್ತಿತ್ತು.

"ಏನಮ್ಮೀ, ಬೆಳಬೆಳಗ್ಗೆ ಮರಳು ಒತ್ಕೊಂಡು ಓಯ್ತಾ ಇದ್ದೀಯಾ?"

"ಸ್ಕೋನ್..." ಎಂದಳು ಆದಿಲಕ್ಷ್ಮಿ, ನೆಲಕ್ಕೆ.

"ಏನಂದೆ?"

"ಸ್ಕೋನ್. ಸಂಜೆ, ಟೀ ಹೊತ್ತಿಗೆ."

"ಇಸ್ಕೋನಾ?" ಮುನಿಶಾಮಮ್ಮನ ಕಣ್ಣು ಅಗಲವಾಯಿತು. "ಸಂಜೆಗೆ ಇಸ್ಕೋನಾ? ನಾನೂ ಬರ್ಲಾ?"

ಬರಬೇಡಿ ಎನ್ನಲು ಆದಿಲಕ್ಷ್ಮಿಗೆ ಇನ್ನೊಂದು ಜನ್ಮ ಬೇಕಿತ್ತು. "ಹೂಂ" ಎಂದು ಒಳಗೆ ಓಡಿದಳು. ಆ ಸೀಮೆಯ ಬಾಯಲ್ಲಿ ಇಸ್ಕೋನ ಎಂದರೆ ಈಸಿಕೊಳ್ಳೋಣ, ಕೊಡುವವರ ಕೈಯಿಂದ ತೆಗೆದುಕೊಳ್ಳೋಣ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಮುನಿಶಾಮಮ್ಮನಿಗಾದರೋ ಬೇರೆ ಅರ್ಥವೇ ಗೊತ್ತಿರಲಿಲ್ಲ. ಆದಿಲಕ್ಷ್ಮಿಯ ಅಪ್ಪ ರಾಮಚಂದ್ರಪ್ಪ ರೇಷನ್ ಡಿಪೋದಲ್ಲಿ ತಕ್ಕಡಿ ಹಿಡಿಯುವವರು. ಗೋಡೆಯ ಮೇಲಿಂದ ನೋಡಿದರೆ ತೆರೆದ ಕಿಟಕಿಯಲ್ಲಿ ಮೈದಾ ಚೀಲ, ಸಕ್ಕರೆ ಪೊಟ್ಟಣ, ಡಾಲ್ಡಾ ಡಬ್ಬ ಸಾಲಾಗಿ ಕಾಣುತ್ತಿದ್ದವು. ಮುನಿಶಾಮಮ್ಮ ಕೊಡವನ್ನೂ ಮರೆತು, ಹೆಂಗಸರು ಸೇರಿದ್ದ ಬೀದಿಯ ನಲ್ಲಿಯ ಹತ್ತಿರ ಹೋದಳು.

"ಡಿಪೋ ರಾಮಚಂದ್ರಪ್ಪನೋರ ಮನೇಗೆ ಸಾಮಾನು ಬಂದು ಬಿದ್ದೈತೆ ಕಣ್ರೇ! ಸಂಜೆಗೆ ಇಸ್ಕೋನ ಅಂತ ಆ ಉಡುಗೀನೇ ಏಳ್ತು."

"ಆ ಉಡುಗಿ ಮಾತಾಡ್ತದಾ?" ಎಂದಳು ಒಬ್ಬಳು.

"ಮಾತಾಡ್ತು ಅಂದ್ರೆ ಎಂಥಾ ಇಸ್ಯ ಇರ್ಬೇಕು ನೋಡು! ಇನ್ನೊಂದು ಏಳ್ತೀನಿ, ಯಾರಿಗೂ ಅನ್ಬೇಡಿ. ಮರಳೂ ಒಳಕ್ಕೆ ಓಯ್ತು. ಸಕ್ರೆಗೆ ಬೆರೆಸೋಕೆ ಮುಂಚೆ ಓಗಿ ಇಸ್ಕೊಂಡ್ಬುಡ್ಬೇಕು."

ಇತ್ತ ಆದಿಲಕ್ಷ್ಮಿಯ ಮೊದಲ ಒಬ್ಬೆ ಸ್ಕೋನ್ ಹೊರಗೆ ಇದ್ದಿಲು, ಒಳಗೆ ಹಸಿ ಹಿಟ್ಟಾಗಿ ಬಂತು. ಎರಡನೆಯದರಲ್ಲಿ ಮುಚ್ಚಳದ ಕೆಂಡ ಜಾರಿ ಒಂದು ಚಾಪೆಯ ಮೂಲೆಯನ್ನು ತಿಂದಿತು. ಮೂರನೆಯ ಒಬ್ಬೆ ಹೇಗೋ ಹೊಂಬಣ್ಣಕ್ಕೆ ತಿರುಗಿತು. ತಟ್ಟಿದರೆ ಬಾಗಿಲು ತಟ್ಟಿದ ಸದ್ದು ಬರುತ್ತಿತ್ತು ನಿಜ. ಆದರೆ ಇಂಗ್ಲಿಷರ ಹಲ್ಲು ಗಟ್ಟಿಯಿರಬಹುದೆಂದು ಅವಳು ಸಮಾಧಾನ ತಂದುಕೊಂಡಳು. ಸೀರೆ ಬದಲಿಸಿ, ಹೂ ಮುಡಿದು, ಗೆಳತಿಯರು ಬಂದರೇನೋ ಎಂದು ಬಾಗಿಲು ತೆರೆದಳು.

ಅಂಗಳದಲ್ಲಿ ಇಡೀ ಬೀದಿ ನಿಂತಿತ್ತು. ಚೀಲ, ಡಬ್ಬ, ಸೀಮೆಣ್ಣೆ ಕ್ಯಾನು, ಒಬ್ಬಳ ಕೈಯಲ್ಲಿ ಮೊರ. ಆದಿಲಕ್ಷ್ಮಿ ಬಾಗಿಲು ಹಾಕಿ ಅಗುಳಿ ಜಡಿದಳು.

ಹೊರಗೆ ಸೀಟಿ ಕೇಳಿಸಿತು. ಅದು ಕುಪ್ಪುಸ್ವಾಮಿ. ಗಣಿಯ ಬಾಯಲ್ಲಿ ನಿಂತು ಜನರನ್ನು ಕೇಜಿಗೆ ತುಂಬಿಸಿ ಕೆಳಗೆ ಕಳಿಸುವ ಕೆಲಸದಲ್ಲಿ ಮುದುಕನಾಗಿ ರಿಟೈರಾದವನು. ಅಂದಿನಿಂದ ನಾಲ್ಕು ಜನ ಒಟ್ಟಿಗೆ ಕಂಡರೆ ಅವನ ಕೈ ತಾನಾಗಿ ಜೇಬಿನ ಸೀಟಿಗೆ ಹೋಗುತ್ತಿತ್ತು.

"ಲೈನು! ಲೈನು! ಏಯ್, ಮೊರ ಆಮೇಲೆ, ಆಳು ಮುಂದೆ!" ಎಂದು ಕೂಗಿ, ಅಡುಗೆಮನೆಯ ಕಿಟಕಿಯ ಬಳಿ ಬಂದ. ತಲೆಗಿಂತ ಎತ್ತರದಲ್ಲಿದ್ದ ಪುಟ್ಟ ಕಿಟಕಿ ಅದು. "ಬಾಗ್ಲು ತೆಗೀಬೇಡ ಪಾಪಾ, ನುಗ್ಗಿಬಿಡ್ತಾರೆ. ಇಲ್ಲೇ ಕೈ ಆಚೆ ಆಕು. ಆಳಿಗೆ ಒಂದೇ. ನಾನಿದ್ದೀನಿ."

"ಇದು ರೇಷನ್ ಅಲ್ಲ ತಾತಾ, ನನ್ನ ಗೆಳತೀರಿಗೆ..." ಎಂದಳು ಆದಿಲಕ್ಷ್ಮಿ. ಅವಳ ದನಿ ಸ್ಟೌವನ್ನೂ ದಾಟಲಿಲ್ಲ. ಕಿಟಕಿಯಲ್ಲಿ ಆಗಲೇ ಒಂದು ಕೈ ಬಂದಿತ್ತು, ಅಂಗೈ ಮೇಲಾಗಿ, ಬೆರಳಾಡಿಸುತ್ತ. ಬಂದ ಕೈಗೆ ಇಲ್ಲ ಎನ್ನುವುದು ಹೇಗೆಂದು ಯಾವ ಪಠ್ಯದಲ್ಲೂ ಇರಲಿಲ್ಲ. ಒಂದು ಸ್ಕೋನ್ ಇಟ್ಟಳು.

"ಏನ್ರೀ ಇದು?" ಹೊರಗೊಂದು ಗಂಡು ದನಿ.

"ಇಸ್ಕೋನ," ಎಂದಳು ಮುನಿಶಾಮಮ್ಮ.

"ಇಸ್ಕೊಂಡೆ. ಏನು ಅಂತ?"

"ಅದೇ ಅಂತೀನಲ್ಲಯ್ಯ, ಇಸ್ಕೋನ!"

"ಇಸ್ಕೊಂಡಾಯ್ತಲ್ಲಮ್ಮೋ!"

ಕುಪ್ಪುಸ್ವಾಮಿ ಸೀಟಿ ಊದಿದ. "ಸಿಕ್ಕಿದ್ದು ಇಸ್ಕೊಂಡು ಮುಂದೆ ಓಗಲಾ!"

ಕೈಗಳು ಬಂದವು. ಬಳೆಯ ಕೈ, ಸುಣ್ಣ ಮೆತ್ತಿದ ಕೈ, ಒಮ್ಮೆ ಪಡೆದು ಉಂಗುರ ಕಳಚಿಟ್ಟು ಮತ್ತೆ ಬಂದ ಕೈ. ಸ್ಕೋನುಗಳು ಅರ್ಧವಾದವು, ಆಮೇಲೆ ಕಾಲಾದವು. ಮುರಿಯಲು ಕಲ್ಲುಗುಂಡು ಬೇಕಾಯಿತು. ಕೊನೆಗೆ ಎರಡೇ ಎರಡು ಇಡಿಯವು ಉಳಿದವು. ಅವನ್ನು ಅಶ್ವತ್ಥಮ್ಮನಿಗೂ ಅಮ್ಮಾಜಿಗೂ ಎಂದು ತಟ್ಟೆಯ ಕೆಳಗೆ ಮುಚ್ಚಿಟ್ಟಿದ್ದಳು. ಪ್ರಾಣ ಹೋದರೂ ಕೊಡಬಾರದೆಂದು ನಿಶ್ಚಯಿಸಿದ್ದಳು.

"ಇನ್ನಿಬ್ರು ಅವ್ರೆ ಪಾಪಾ," ಎಂದ ಕುಪ್ಪುಸ್ವಾಮಿ. "ಆಗ್ಲಿಂದ ಬಿಸ್ಲಲ್ಲಿ ನಿಂತವ್ರೆ."

ಎರಡು ಕೈ ಬಂದವು. ಆದಿಲಕ್ಷ್ಮಿ ತಲೆ ತಗ್ಗಿಸಿ ನಿಂತಳು. ಕೈಗಳು ಹೋಗಲಿಲ್ಲ. ತಟ್ಟೆ ಎತ್ತಿ ಎರಡನ್ನೂ ಕೊಟ್ಟಳು. "ಇಷ್ಟೇನಾ?" ಎಂದಿತು ಹೊರಗಿನ ದನಿ. ಅಷ್ಟು ಹೊತ್ತು ತಡೆದಿದ್ದ ಸಿಟ್ಟೆಲ್ಲ ಅವಳ ಕೈಗೆ ಬಂದು ಕಿಟಕಿಯ ಬಾಗಿಲು ಧಡ್ಡೆಂದು ಮುಚ್ಚಿತು. ಅವಳ ಜೀವಮಾನದ ಅತಿ ದೊಡ್ಡ ಸದ್ದು ಅದು.

ಬೀದಿ ಖಾಲಿಯಾಯಿತು. ಟೀ ಕುದಿಸಿದಳು. ಆರಿತು, ಮತ್ತೆ ಕುದಿಸಿದಳು. ಗೆಳತಿಯರು ಬರಲಿಲ್ಲ. ಕೊಡಲು ಏನೂ ಇರದಿದ್ದರೂ ಅವರು ಬಂದರೆ ಸಾಕು ಎನಿಸಿ, ಬೀಗ ಹಾಕಿ ಸ್ಟೇಷನ್ನಿಗೆ ನಡೆದಳು.

ಉರಿಗಾಂ ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಮಾರಿಕುಪ್ಪಂನಿಂದ ಬರುವ ರೈಲಿಗೆ ಕಾಯುತ್ತಿದ್ದರು, ಬಂಗಾರಪೇಟೆಗೆ ವಾಪಸು ಹೋಗಲು.

"ಎಲ್ಲಿದ್ದೆ ತಾಯೀ?" ಅಶ್ವತ್ಥಮ್ಮ ಎದ್ದು ನಿಂತಳು. "ನಿನ್ನ ಮನೆ ಹುಡುಕಿ ಹುಡುಕಿ ನನ್ನ ಚಪ್ಪಲಿ ಕಿತ್ತೋಯ್ತು!"

"ಕಾರ್ಡಲ್ಲಿ ಏನಂತ ಬರೆದಿದ್ದೆ? ಬೀದೀಲಿ ಸದ್ದೇ ಇಲ್ಲದ ಮನೆ ನಮ್ಮದು ಅಂತ," ಎಂದಳು ಅಮ್ಮಾಜಿ. "ಆ ಬೀದೀಲಿ ಸದ್ದಿಲ್ಲದ ಮನೆ ಎಲ್ಲೇ ಐತೆ? ಒಂದು ಮನೆ ಮುಂದೆ ಜಾತ್ರೆ! ಒಬ್ಬ ತಾತನ್ನ ಅಡ್ರೆಸ್ ಕೇಳಿದ್ರೆ, ಮೊದ್ಲು ಲೈನು, ಆಮೇಲೆ ಅಡ್ರೆಸ್ಸು ಅಂತ ಸೀಟಿ ಊದ್ದ."

"ನಿಂತ್ವಿ," ಎಂದಳು ಅಶ್ವತ್ಥಮ್ಮ. "ಯಾವಳೋ ಮಹಾರಾಯ್ತಿ ಮುಖಾನೂ ತೋರಿಸ್ದೆ ಕಿಟಕೀಲಿ ಏನೋ ಕೊಟ್ಲು. ಇಷ್ಟೇನಾ ಅಂದಿದ್ದಕ್ಕೆ ಕಿಟಕಿ ಬಡಿದ್ಲು ನೋಡು! ಇನ್ನೊಂದಿಷ್ಟು ಆಗಿದ್ರೆ ಬೆರಳೇ ಓಗ್ತಿತ್ತು. ಅಡ್ರೆಸ್ ಕೇಳೋಣ ಅಂತ ತಿರುಗಿದ್ರೆ ಆ ತಾತನೂ ಇಲ್ಲ."

"ಹೇಗಿತ್ತು?" ಎಂದಳು ಆದಿಲಕ್ಷ್ಮಿ, ಕಾಲುಂಗುಟಕ್ಕೆ.

"ಏನು?"

"ಅವರು ಕೊಟ್ಟದ್ದು."

"ಅದಾ?" ಎಂದಳು ಅಶ್ವತ್ಥಮ್ಮ. "ಚಾಂಪಿಯನ್ ರೀಫ್ಸ್‌ ಗಣೀಲಿ ಅಗೆದು ಮೇಲಕ್ಕೆ ತಂದಂಗಿತ್ತು. ನಾಯಿಗೆ ಹಾಕಿದ್ವಿ. ಅದು ಮೂಸಿ ನೋಡಿ, ನಮ್ಮ ಮುಖ ನೋಡ್ತು."

ಹೇಳಬೇಕೆಂದು ಅವಳು ಬಾಯಿ ತೆರೆದಳು. ರೈಲು ಬಂದು ನಿಂತಿತು.

"ಬೇಜಾರ್ ಮಾಡ್ಕೋಬೇಡ್ವೇ," ಅಮ್ಮಾಜಿ ಮೆಟ್ಟಿಲು ಹತ್ತುತ್ತ ಹೇಳಿದಳು. "ಮುಂದಿನ ಭಾನ್ವಾರ ಬಂದೇ ಬತ್ತೀವಿ. ಮೀನೋ ಪೂರಿಯೋ ಅನ್ನೋದು ನಿನ್ನ ಸ್ಕೋನು ತಿಂದೇ ತೀರ್ಮಾನ ಆಗ್ಬೇಕು. ಈ ಸಲ ಮನೆ ಗುರ್ತು ಸರಿಯಾಗಿ ಏಳು. ಆ ಕಿಟಕಿ ಮನೆಗೆ ಎಷ್ಟು ದೂರ?"

"ಅದರ ಪಕ್ಕದ್ದೇ," ಎಂದುಬಿಟ್ಟಳು ಆದಿಲಕ್ಷ್ಮಿ.

ಪಕ್ಕದ್ದು ಮುನಿಶಾಮಮ್ಮನ ಮನೆ ಎಂದು ನೆನಪಾಗುವ ಹೊತ್ತಿಗೆ ರೈಲು ಹೊರಟುಹೋಗಿತ್ತು.