ಕಾಶ್ಮೀರದ ಗ್ಲೌಸು, ಬಾರ್ಕೂರಿನ ಮಳೆ

ಗ್ಲೌಸು ಆರಿಸುವುದು ಯಾವ ಮಹಾವಿದ್ಯೆ? ಕೈಯಿದೆ, ಬೆರಳಿದೆ, ಊರಲ್ಲಿ ಅಂಗಡಿಯಿದೆ. ಹೀಗೆಂದುಕೊಂಡೇ ನಾನು ಹೊರಟದ್ದು.

ಬಾರ್ಕೂರಿನವಳಾದ ನನ್ನ ಕಸುಬು ಮದುವೆಮನೆಗಳಲ್ಲಿ ಮದರಂಗಿ ಬಿಡಿಸುವುದು. ಸ್ಕೂಟರ್ ಎಂದರೆ ಹೆದರಿಕೆ, ಹಾಗಾಗಿ ಸೈಕಲ್ಲೇ ಗತಿ. ಮಳೆಗಾಲದಲ್ಲಿ ಗಾಳಿ ಹೊಡೆದು ಬೆರಳು ಮರಗಟ್ಟುತ್ತವೆ. ಆ ಬೆರಳಲ್ಲಿ ಬಳ್ಳಿ ಬಿಡಿಸಿದರೆ ಹಾವಾಗುತ್ತದೆ. ನವಿಲು ಬಿಡಿಸಿದರೆ ಕೋಳಿ!

ಶ್ರಾವಣದಲ್ಲಿ ಬ್ರಹ್ಮಾವರದ ನಾದಿನಿ ಗಿರಿಜಳ ಮಗಳು ಶ್ವೇತಾಳ ಮದುವೆ. "ಮದರಂಗಿ ಅತ್ತೆಯೇ ಹಾಕ್ಕ್" ಎಂದು ಹುಡುಗಿಯ ಹಟ. ಗಂಡಿನ ಕಡೆಯವರು ದೊಡ್ಡ ಜನ. ಇದೊಂದು ಚೆಂದ ಬಂದರೆ ಮುಂದೆ ನನ್ನನ್ನು ಹಿಡಿಯುವವರಿಲ್ಲ ಎಂದು ನಾನೇ ತೀರ್ಮಾನಿಸಿದೆ.

ಮೀನು ವ್ಯಾಪಾರದ ನನ್ನ ಗಂಡ ಹೇಳಿದರು: "ನನ್ ರಬ್ಬರ್ ಗ್ಲೌಸ್ ಹಾಕ್ಕಂಡ್ ಹೋಯ್ಲಕ್ಕಲೆ?"

"ಮದ್ಮಗಳ ಕೈಗೆ ಬಂಗ್ಡಿ ಮೀನ್ ವಾಸ್ನಿ ಹಚ್ಚೂದಾ? ನಿಮ್ಗ್ ಎಂತ ಗೊತ್ತಿತ್ತ್!"

ಅಂಗಡಿಯವನು ಕಡುನೀಲಿ ಉಣ್ಣೆಯ ಜೋಡಿಯೊಂದನ್ನು ತೆಗೆದ. "ಕಾಶ್ಮೀರದ್ದ್ ಅಕ್ಕ. ಹಿಮದಲ್ಲೂ ಬೆಚ್ಚಗಿರತ್ತ್."

"ಮಳೆಗೆ?"

"ಹಿಮ ಅಂದ್ರೂ ನೀರೇ ಅಲ್ದಾ ಅಕ್ಕ?"

ಈ ತರ್ಕಕ್ಕೆ ನಾನು ಸೋತೆ.

ಮದರಂಗಿಯ ದಿನ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಳೆ ಹಿಡಿಯಿತು. ಕಾಶ್ಮೀರವು ಬಾರ್ಕೂರಿನ ಮಳೆಯನ್ನೆಲ್ಲ ಕುಡಿದು ಹಿಂಡದ ಬಟ್ಟೆಯಂತೆ ಭಾರವಾಯಿತು. ಬುದ್ಧಿವಂತೆಯಾದ ನಾನು ಅದರ ಮೇಲೆ ಪ್ಲಾಸ್ಟಿಕ್ ಕವರು ಸುತ್ತಿದೆ. ಒಳಗಿನ ನೀರು ಒಳಗೇ ಉಳಿಯಿತು, ಬ್ರೇಕಿನ ಮೇಲೆ ಕೈ ಜಾರಿತು. ತಿರುವಿನಲ್ಲಿ ರಸ್ತೆ ತಿರುಗಿತು. ನಾನು ತಿರುಗಲಿಲ್ಲ! ಚರಂಡಿಯಿಂದ ಎದ್ದಾಗ ಬಚಾವಾಗಿದ್ದದ್ದು ಮದರಂಗಿ ಕೋನಿನ ಡಬ್ಬಿಯೊಂದೇ.

ಗಿರಿಜಳ ಮನೆಯಲ್ಲಿ ಗ್ಲೌಸು ಕಳಚಿದೆ. ಮಣಿಕಟ್ಟಿನವರೆಗೆ ಕೈ ಕಡುನೀಲಿ.

"ಅಯ್ಯೋ ಅತ್ತಿಗೆ, ಇದೆಂತ? ಹಾವ್ ಗೀವ್ ಕಚ್ಚಿತಾ?" ಎಂದಳು ಗಿರಿಜ.

ಸೋಪು, ಲಿಂಬೆ, ಕೊನೆಗೆ ಸೀಮೆಎಣ್ಣೆ. ನೀಲಿ ಹೋಗಲಿಲ್ಲ. ವಾಸನೆ ಬಂತು. ಧೈರ್ಯ ಮಾಡಿ ಶ್ವೇತಾಳ ಅಂಗೈ ಹಿಡಿದೆ. ನನ್ನ ಐಸಿನಂಥ ಬೆರಳು ತಗಲಿದ್ದೇ ತಡ, ಅವಳು ಕಿರುಚಿದಳು. ಕೋನಿನ ಮದರಂಗಿ ಪಿಚಕ್ಕೆಂದು ಅವಳ ಹೊಸ ಸೀರೆಗೆ ಹಾರಿತು!

ಗಂಡಿನ ಕಡೆಯ ಹೆಂಗಸೊಬ್ಬರು ನನ್ನತ್ತ ನೋಡದೆ ಗಿರಿಜಳನ್ನು ಕೇಳಿದರು: "ಪಾರ್ಲರಿನವರನ್ನು ಕರೆಸ್ಲಿಕ್ಕೆ ಆಗ್ಲಿಲ್ವಾ?"

ಶ್ವೇತಾ ಮೆಲ್ಲಗೆ ಕೈ ಎಳೆದುಕೊಂಡಳು. "ಅತ್ತೆ, ನೀವ್ ಹನಿ ಕೂಕಣಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕೂತುಕೊಳ್ಳಿ ಎಂದರೆ ಏನು ಮಾಡುವುದು? ಕೂತೆ.

ಪಾರ್ಲರಿನ ಹುಡುಗಿ ಕಾರಿನಲ್ಲಿ ಬಂದಳು, ಒಣಗಿದ ಕೈಯಲ್ಲಿ. ಅವಳಿಗೆ ಬೆಳಕು ಸಾಲದೆಂದು ಮೊಬೈಲಿನ ಟಾರ್ಚು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟಾದರೂ ಆಯಿತಲ್ಲ ಎಂದುಕೊಳ್ಳುವಾಗ ವೀಡಿಯೋದವನು ಬಗ್ಗಿ ಹೇಳಿದ: "ಆಂಟಿ, ನಿಮ್ಮ ನೀಲಿ ಕೈ ಫ್ರೇಮಲ್ಲಿ ಬರ್ತಾ ಇದೆ."

ಟಾರ್ಚೂ ಹೋಯಿತು!

ಮೊನ್ನೆ ಗಿರಿಜಳ ಫೋನು. ಕಿರಿಮಗಳ ನಿಶ್ಚಿತಾರ್ಥವಂತೆ. "ಅತ್ತಿಗೆ, ನೀವ್ ಬೆಳಿಗ್ಗೆಯೇ ಬರ್ಕ್. ತಪ್ಸೂಕಾಗ."

ನನ್ನ ಎದೆ ಅರಳಿತು. "ಕೋನ್ ಎಷ್ಟ್ ತರ್ಲಿ?"

"ಕೋನ್ ಬ್ಯಾಡ ಅತ್ತಿಗೆ. ನೀರುಳ್ಳಿ ಕೊಯ್ಯೂಕೆ ಜನ ಇಲ್ಲೆ."

"ಬತ್ತೆ" ಎಂದೆ.

ನೀರುಳ್ಳಿಯಾದರೆ ಒಂದು ಅನುಕೂಲ. ಕಣ್ಣಲ್ಲಿ ನೀರೇಕೆಂದು ಯಾರೂ ಕೇಳುವುದಿಲ್ಲ.