ಮೊದಲ ಸಂಪುಟದ ಮುನೆಮ್ಮ

ಆ ದಿನ ಹುಳು ಎರಡನೆಯ ಜ್ವರದಿಂದ ಎದ್ದಿದ್ದವು. ರೇಷ್ಮೆ ಸಾಕದವರು ಗಾಬರಿಯಾಗಬೇಕಿಲ್ಲ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವು ಮದುವೆಗೆ ಬಂದ ಗಂಡಿನ ಕಡೆಯವರಂತೆ ತಿನ್ನುತ್ತವೆ. ಮಧ್ಯಾಹ್ನದ ಹೊತ್ತು. ನಾನು ಹುಳುಮನೆಯಲ್ಲಿ ಕುಳಿತು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದೆ. ನನ್ನ ಹೆಂಡತಿ ರತ್ನಮ್ಮ ಬಾಗಿಲ ಬೆಳಕಿಗೆ ಪುಸ್ತಕ ಹಿಡಿದು ಗಟ್ಟಿಯಾಗಿ ಕಾದಂಬರಿ ಓದುತ್ತಿದ್ದಳು. ನಮ್ಮ ಮನೆಯ ಪದ್ಧತಿಯೇ ಅದು: ಸೊಪ್ಪು ನನ್ನದು, ಓದು ಅವಳದು. ನಾನೂ ಎಂಟನೆಯ ಕ್ಲಾಸು ಮುಗಿಸಿದವನೇ. ಆದರೆ ಹಿಂದೊಮ್ಮೆ ನಾನು ಓದಲು ಕುಳಿತಾಗ ಅವಳು, "ಸಾಕು ಬಿಡ್ರೀ, ನೀವು ಓದೋದು ಕೇಳಿದ್ರೆ ಹುಳಕ್ಕೆ ಇನ್ನೊಂದು ಜ್ವರ ಬರ್ತದೆ" ಎಂದಿದ್ದಳು. ಅಂದಿನಿಂದ ನಾನು ಬರೀ ಕೇಳುಗ.

ಪುಸ್ತಕ ಕೋಲಾರದ ಬಾಷಾ ಸಾಬರ ಬಾಡಿಗೆ ಪುಸ್ತಕದಂಗಡಿಯದು. ಏಳು ಸಂಪುಟಗಳಲ್ಲಿ ಬರಲಿದ್ದ ಮಾಯಾಲೋಕದ ಮಹಾಕಾದಂಬರಿಯ ಮೊದಲನೆಯ ಸಂಪುಟ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಅಕ್ಷರ ಬಲ್ಲವರೆಲ್ಲ ಅದನ್ನು ಓದಿದವರೇ, ಇಲ್ಲವೆ ಓದಿದ್ದೇವೆ ಎನ್ನುವವರೇ. ಅದರಲ್ಲಿ ಹನ್ನೊಂದು ರಾಜ್ಯ, ಮೂವರು ಮಾಂತ್ರಿಕರು, ಮಾತಾಡುವ ಕುದುರೆ, ರಾಜ್ಯ ಕಳೆದುಕೊಂಡು ಅಲೆಯುವ ಒಬ್ಬ ರಾಜಕುಮಾರ. ಇವರಲ್ಲಿ ಯಾರೂ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಹಿಡಿಸಿದವಳು ಕೋಟೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕುಳಿತಿರುವ ಮುದುಕಿ, ಮುನೆಮ್ಮ. ಕಿರೀಟ ಕಂಡರೆ ಹೆದರುವವಳಲ್ಲ. "ಏಮಪ್ಪಾ, ಆ ಬೋಗಣಿ ತಲೆ ಮೇಲಿಟ್ಕೊಂಡ್ರೆ ಹೊಟ್ಟೆ ತುಂಬ್ತದಾ? ಪೋ, ಕೈ ತೊಳ್ಕೊಂಬಾ, ಮುದ್ದೆ ಆರ್ತದೆ" ಎಂದು ರಾಜಕುಮಾರನನ್ನೇ ಗದರುವವಳು. ನಾನು ಕತ್ತಿ ಕೆಳಗಿಟ್ಟು ನಗುತ್ತಿದ್ದೆ.

ಆ ಮಧ್ಯಾಹ್ನ ರಾಜಕುಮಾರ ಶತ್ರುಗಳಿಂದ ತಪ್ಪಿಸಿಕೊಂಡು ಕೋಟೆಯ ಬಾಗಿಲಿಗೆ ಬಂದಿದ್ದ. ಮುನೆಮ್ಮ ಅವನನ್ನು ಕೂರಿಸಿ, "ಮೊದ್ಲು ಉಣ್ಣು. ಉಂಡ ಮೇಲೆ ಒಂದು ಮಾತು ಹೇಳ್ತೀನಿ. ಅದು ಕೇಳಿದ್ರೆ ನಿಂಗೆ ರಾಜ್ಯಾನೇ ಬೇಕಾಗಲ್ಲ" ಎಂದಳು. ಅಷ್ಟಕ್ಕೆ ರತ್ನಮ್ಮ ಒಂದು ಹಿಪ್ಪುನೇರಳೆ ಎಲೆಯನ್ನು ಗುರುತಿಗಿಟ್ಟು ಪುಸ್ತಕ ಮುಚ್ಚಿದಳು.

"ಏನು ಹೇಳಿದ್ಲೇ?"

"ನಾಳೆ."

"ಈಗ್ಲೇ ಹೇಳು ಕಣೇ, ನೀನು ಮುಂದೆ ನೋಡ್ಕೊಂಡಿರ್ತೀಯ."

"ನಾಳೆ ಅಂದ್ನಲ್ಲ. ಏಳ್ರೀ, ಮುದ್ದೆ ಆರ್ತದೆ."

ಮರುದಿನ ಅವಳಿಗೆ ಜ್ವರ ಬಂತು. ಐದನೆಯ ದಿನ ಕೋಲಾರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಪುಸ್ತಕ ಗೋಡೆಯ ಗೂಡಿನಲ್ಲೇ ಉಳಿಯಿತು. ಅವಳು ಎಲೆ ಇಟ್ಟ ಪುಟವನ್ನು ನನ್ನ ಕೈಯಿಂದ ತೆರೆಯಲಾಗಲಿಲ್ಲ. ಮುನೆಮ್ಮ ಏನು ಹೇಳಿದಳೆಂದು ತಿಳಿಯದೆ ಇರಲೂ ಆಗಲಿಲ್ಲ. ಸೊಪ್ಪು ಕತ್ತರಿಸಲು ಕುಳಿತರೆ ಅದೇ ಯೋಚನೆ. ರಾಜ್ಯವೇ ಬೇಡವಾಗುವಂಥ ಮಾತು ಯಾವುದಿರಬಹುದು? ಆಗ ನನಗೂ ಅಂಥದೊಂದು ಮಾತು ಬೇಕಾಗಿತ್ತು. ಓದಿದವರನ್ನು ಕೇಳಿದರಾಯಿತು ಎಂದುಕೊಂಡೆ. ಓದುಗರೆಂಬ ಜನಾಂಗದ ಮೇಲೆ ನನಗಿದ್ದ ಗೌರವ ಹಾಳಾದದ್ದು ಹಾಗೆ.

ಮೊದಲು ಹೈಸ್ಕೂಲು ಮೇಷ್ಟ್ರ ಬಳಿ ಹೋದೆ. ಪುಸ್ತಕದ ಹೆಸರೆತ್ತಿದೊಡನೆ ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ದೊಡ್ಡ ಅಭಿಪ್ರಾಯ ಬರುವ ಮೊದಲು ಸಣ್ಣದೊಂದು ಒರೆಸಾಟ ಇರಲೇಬೇಕು. "ನೋಡಪ್ಪಾ, ಕೃತಿಯಲ್ಲಿ ಆಳ ಇಲ್ಲ. ಸಮಾಜಕ್ಕೆ ಸಂದೇಶ ಇಲ್ಲ" ಎಂದರು. ಎಷ್ಟು ಪುಟ ಓದಿದಿರಿ ಎಂದು ಕೇಳಿದೆ. "ನಲವತ್ತು. ಆಳ ಇಲ್ಲ ಅಂತ ತಿಳಿಯೋಕೆ ಅಷ್ಟು ಸಾಲ್ದಾ?" ನಮ್ಮ ಸೀಮೆಯಲ್ಲಿ ನಲವತ್ತು ಅಡಿ ತೋಡಿ ನೀರಿಲ್ಲ ಎನ್ನುವವನನ್ನು ಯಾರೂ ಎರಡನೆಯ ಸಲ ಬಾವಿ ಕೆಲಸಕ್ಕೆ ಕರೆಯುವುದಿಲ್ಲ. ಮೇಷ್ಟ್ರನ್ನು ಮಾತ್ರ ವರ್ಷಕ್ಕೆರಡು ಸಲ ಭಾಷಣಕ್ಕೆ ಕರೆಯುತ್ತಾರೆ.

ಮುಂದಿನವನು ಸುಗಟೂರಿನಿಂದ ಕೋಲಾರಕ್ಕೆ ಹೋಗುವ ಬಸ್ಸಿನ ಕಂಡಕ್ಟರು. ಅವನು ಪುಸ್ತಕವನ್ನು ಮೂರು ಸಲ ಓದಿದ್ದನಂತೆ. "ಫಸ್ಟ್ ಕ್ಲಾಸ್ ಅಣ್ಣಾ! ಒಂಬತ್ತು ಯುದ್ಧ! ಆ ಕುದ್ರೆ ಒಂದು ಸಾಯ್‌ಬಾರ್ದಾಗಿತ್ತು ನೋಡು."

"ಮುನೆಮ್ಮ ಏನು ಹೇಳಿದಳಪ್ಪಾ?"

"ಯಾವ ಸೈನ್ಯದೋಳು ಅವ್ಳು?"

"ಸೈನ್ಯ ಅಲ್ಲಪ್ಪಾ, ಮುದುಕಿ. ಕೋಟೆ ಬಾಗ್ಲಲ್ಲಿ ಕೂತಿರ್ತಾಳಲ್ಲ."

"ಓ, ಬರೀ ಮಾತಾಡೋ ಪುಟ ಬಂದ್ರೆ ನಾನು ನಿಲ್ಲಿಸೋನೇ ಅಲ್ಲ ಅಣ್ಣಾ. ರೈಟ್ ರೈಟ್ ಅಂತ ಹೋಗ್ತಾ ಇರ್ತೀನಿ" ಎಂದು ಸೀಟಿ ಊದಿದ. ಸ್ಟಾಪಿನಲ್ಲಿ ಕೈ ಚಾಚಿ ನಿಂತ ಮುದುಕಿಯರನ್ನು ಬಿಟ್ಟು ಹೋಗುವ ಅಭ್ಯಾಸ ಈ ಮನುಷ್ಯನಿಗೆ ಪುಸ್ತಕದೊಳಗೂ ಹೋಗಿರಲಿಲ್ಲ.

ಹೆಂಗಸರಾದರೂ ನೆಟ್ಟಗೆ ಓದಿರುತ್ತಾರೆಂದು ವೇಮಗಲ್ಲಿಗೆ ಹೋದೆ. ಅಲ್ಲಿ ರತ್ನಮ್ಮನ ದೊಡ್ಡಮ್ಮನ ಮಗಳು ಜಯಮ್ಮ ಬಟ್ಟೆ ಹೊಲಿಯುತ್ತಾಳೆ. ಅವಳ ಆಕ್ಷೇಪಣೆಯೇ ಬೇರೆ. "ಭಾವ, ಆ ರಾಣಿಗೆ ನೆಲ ಗುಡಿಸೋ ಲಂಗ ಉಡ್ಸವ್ನೆ, ಅದ್ರಲ್ಲೇ ಗೋಡೆ ಹಾರಿಸ್ತಾನೆ. ಹೊಲಿಗೆ ಬಿಡಲ್ವಾ? ಬರೆದೋನು ಒಂದ್ ದಿನಾನಾದ್ರೂ ಸೂಜಿ ಹಿಡ್ದವ್ನಾ?" ಅರ್ಧ ಗಂಟೆ ಲಂಗದ ಮೇಲೆಯೇ ಮಾತಾಡಿದಳು. ಮುನೆಮ್ಮನ ಹೆಸರೆತ್ತಿದಾಗ ಮಿಷನ್ನಿನ ಚಕ್ರ ನಿಲ್ಲಿಸಿ ನನ್ನ ಮುಖ ನೋಡಿದಳು. "ನಂಗೆ ನೆನಪಿಲ್ಲ ಭಾವ. ಕಾಫಿ ಕುಡೀರಿ" ಎಂದಳು. ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು. ಕನಿಕರಪಡುವವರು ಕಾಫಿಗೆ ಸಕ್ಕರೆ ಜಾಸ್ತಿ ಹಾಕುತ್ತಾರೆ ಎಂಬುದನ್ನು ಆ ತಿಂಗಳುಗಳಲ್ಲಿ ನಾನು ಚೆನ್ನಾಗಿ ಕಲಿತಿದ್ದೆ.

ಬಾಡಿಗೆ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಓದಿದವರೆಲ್ಲ ಅಭಿಪ್ರಾಯ ಗೀಚುವುದು ಬಾಷಾ ಸಾಬರ ಗಿರಾಕಿಗಳ ಪದ್ಧತಿ. ಮನೆಗೆ ಬಂದವನು ಪುಸ್ತಕವನ್ನು ಬೋರಲು ಇಟ್ಟು, ಎಲೆಯಿರುವ ಪುಟಕ್ಕೆ ಕೈ ತಾಗದಂತೆ ಹಿಂದಿನ ರಟ್ಟನ್ನಷ್ಟೇ ತೆರೆದೆ. "ಅದ್ಭುತ" ಎಂದು ಒಬ್ಬ. "ನಿದ್ದೆ ಮಾತ್ರೆಗಿಂತ ಒಳ್ಳೆಯದು" ಎಂದು ಇನ್ನೊಬ್ಬ. "ಇದನ್ನು ಓದಿದವನು ಮೂರ್ಖ" ಎಂದು ಮತ್ತೊಬ್ಬ, ಅದರ ಕೆಳಗೆ ಕೆಂಪು ಶಾಯಿಯಲ್ಲಿ, "ಓದದೆ ಮಾತಾಡುವವನು ಅವನಿಗಿಂತ ಮೂರ್ಖ." ಮುನೆಮ್ಮನ ಬಗ್ಗೆ ಒಬ್ಬ ಪುಣ್ಯಾತ್ಮನೂ ಒಂದಕ್ಷರ ಬರೆದಿರಲಿಲ್ಲ. ಇಡೀ ಪುಸ್ತಕದಲ್ಲಿ ಜೀವವಿರುವ ಹೆಂಗಸು ಅವಳೊಬ್ಬಳೇ. ಅವಳನ್ನು ಬಿಟ್ಟು ಕುದುರೆಗೆ ಅಳುವ, ಲಂಗ ಅಳೆಯುವ, ಆಳ ಹುಡುಕುವ ಈ ಜನಕ್ಕೆ ಓದು ಕಲಿಸಿದವರು ಯಾರು? ಇವರಿಗಿಂತ ನಮ್ಮ ಹುಳುಗಳು ಮೇಲು. ಅವು ಎಲೆಯನ್ನು ಒಂದು ತುದಿಯಿಂದ ಹಿಡಿದರೆ ನಡುವೆ ಏನನ್ನೂ ಬಿಡದೆ ತಿನ್ನುತ್ತವೆ.

ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಕೋಲಾರಕ್ಕೆ ಹೋಗಿ ಬಾಷಾ ಸಾಬರ ಮುಂದಿಟ್ಟೆ. ನಿಮ್ಮ ಗಿರಾಕಿಗಳಲ್ಲಿ ಒಬ್ಬನಿಗೂ ಓದಲು ಬರುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿದೆ. ಜೀವಮಾನದಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೊಂದೇ ಸಲ. ಅವರು ಪೂರ್ತಿ ಕೇಳಿಸಿಕೊಂಡು, "ವೆಂಕಟಪ್ಪನೋರೆ, ನೀವು ಓದಿದ್ರಾ?" ಎಂದರು.

"ಕೇಳಿದೀನಿ."

"ಕೇಳೋದು ಬೇರೆ. ಒಂದ್ಸಲ ಓದ್ಕೊಂಡು ಬನ್ನಿ. ಆಮೇಲೆ ಜಗಳ ಆಡೋಣ."

ಓದಿದೆ. ಎಂಟನೆಯ ಕ್ಲಾಸಿನ ಓದು, ಒಂದು ಬೆಳೆ ಹುಳು ಮೊಟ್ಟೆ ಒಡೆದು ಗೂಡು ಕಟ್ಟುವಷ್ಟು ದಿನ ಹಿಡಿಯಿತು. ಎಲೆ ಇಟ್ಟ ಪುಟಕ್ಕೂ ಬಂದೆ. ಎಲೆ ಒಣಗಿ ಕಾಗದಕ್ಕೆ ಅಂಟಿಕೊಂಡಿತ್ತು. ಅಲ್ಲಿ ರಾಜಕುಮಾರ ಕೋಟೆಗೆ ಬರುತ್ತಾನೆ. ಬಾಗಿಲು ತೆರೆದಿರುತ್ತದೆ. ಒಳಗೆ ಹೋಗುತ್ತಾನೆ. ಅಷ್ಟೇ. ಬಾಗಿಲಲ್ಲಿ ಯಾರೂ ಇಲ್ಲ. ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ಮುದುಕಿಯಿಲ್ಲ, ಸೊಪ್ಪಿಲ್ಲ, ಮುದ್ದೆಯಿಲ್ಲ. ಆ ಹನ್ನೊಂದು ರಾಜ್ಯಗಳಲ್ಲಿ ಯಾರೂ ಉಣ್ಣುವುದೇ ಇಲ್ಲ. ರಾಜಕುಮಾರಿಯರೆಲ್ಲ ಸಂಸ್ಕೃತದ ಹೆಸರು ಹೊತ್ತುಕೊಂಡು ಓಡಾಡುವ ಆ ಲೋಕಕ್ಕೆ ಮುನೆಮ್ಮ ಎಂಬ ಹೆಸರಿನವಳು ಹೇಗೆ ಬಂದಳು, ಬಂದು ನಮ್ಮೂರ ತೆಲುಗು ಬೆರೆತ ಕನ್ನಡದಲ್ಲಿ ಹೇಗೆ ಬೈದಳು ಎಂಬ ಪ್ರಶ್ನೆ ಅಷ್ಟು ದಿನ ರತ್ನಮ್ಮನ ಓದು ಕೇಳುತ್ತಿದ್ದಾಗ ನನಗೆ ಹೊಳೆದಿರಲಿಲ್ಲ. ಓದುಗರನ್ನೆಲ್ಲ ಹಂಗಿಸಿಕೊಂಡು ತಿರುಗಿದ ನಾನೊಬ್ಬನೇ ಪುಸ್ತಕ ಓದಿರಲಿಲ್ಲ. ಕೆಂಪು ಶಾಯಿಯವನು ಯಾರೋ ನನಗೆ ಗೊತ್ತಿಲ್ಲ. ಅವನಿಗೆ ನನ್ನ ಗುರುತು ಚೆನ್ನಾಗಿಯೇ ಇತ್ತು.

ಪುಸ್ತಕ ಹಿಂದಿರುಗಿಸುವಾಗ ಬಾಷಾ ಸಾಬರು, "ನಿಮ್ಮನೆ ಆಯಮ್ಮ ನಡುವೆ ಒಂದ್ಸಲ ಬಂದಿದ್ರು, ಇನ್ನೂ ಹದಿನೈದು ದಿನ ಇಟ್ಕೊಳ್ತೀನಿ ಅಂತ" ಎಂದರು. "ಹೆಂಗಿದೆ ತಾಯೀ ಅಂದೆ. 'ಅನ್ನ ಬೇಯ್ಸೋರು ಒಬ್ರೂ ಇಲ್ಲ ಸಾಬ್ರೇ ಇದ್ರಲ್ಲಿ, ನಾನೇ ಒಬ್ಳನ್ನ ಇಟ್ಕೊಂಡಿದೀನಿ' ಅಂದು ನಕ್ರು. ನಂಗೆ ಅರ್ಥ ಆಗಿರ್ಲಿಲ್ಲ."

ಮೊದಲ ಸಂಪುಟದ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಒಪ್ಪುವಂಥದ್ದು ಅದೊಂದೇ. ಕೊನೆಯ ಹಾಳೆಯಲ್ಲಿ ಅದನ್ನು ಬರೆಯಲು ಪೆನ್ಸಿಲ್ ಕೇಳಿ ತೆಗೆದುಕೊಂಡೆ. ಆಮೇಲೆ ಬರೆಯದೆ ಹಿಂದಿರುಗಿಸಿದೆ. ಎಲೆಯನ್ನು ಮಾತ್ರ ಬಿಡಿಸಿಕೊಂಡು ಬಂದೆ.

ಈಗ ಮೂರನೆಯ ಸಂಪುಟವೂ ಬಂದಿದೆಯಂತೆ. ಮೇಷ್ಟ್ರು ಅದರಲ್ಲೂ ಆಳವಿಲ್ಲ ಎಂದಿದ್ದಾರೆ. ಉಂಡ ಮೇಲೆ ಮುನೆಮ್ಮ ಏನು ಹೇಳಬೇಕೆಂದಿದ್ದಳೋ, ಅದು ನನಗೆ ಇನ್ನೂ ಗೊತ್ತಿಲ್ಲ.