ಅನುಮೋದಿತ ಸೊಳ್ಳೆಗಳು

ನಗರಸಭೆಯ ವ್ಯಾಪ್ತಿಯಲ್ಲಿದ್ದ ಸೊಳ್ಳೆಗಳು ಬದಲಾಗುವ ಮುನ್ನ ಸಂಬಂಧಪಟ್ಟವರ ಪೂರ್ವಾನುಮತಿ ಪಡೆದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದಕ್ಕೆಲ್ಲ ಅವೇ ಹೊಣೆ ಎಂದು ತೀರ್ಮಾನವಾಗಿದೆ.

ಸೊಳ್ಳೆ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಹೊಗೆ ಯಂತ್ರ ಹೊತ್ತವನನ್ನು ಎಲ್ಲರೂ ಹೊಗೆಯಣ್ಣ ಎನ್ನುತ್ತಿದ್ದರು. ಹನ್ನೊಂದು ವರ್ಷವೂ ಒಂದೇ ಔಷಧಿ. ಮೊದಮೊದಲು ಅವನು ಬೀದಿಗೆ ಕಾಲಿಟ್ಟರೆ ಸಾಕು, ಸೊಳ್ಳೆಗಳು ಪಟಪಟನೆ ಉದುರುತ್ತಿದ್ದವು. ಈಗ ಹೊಗೆಯೊಳಗಿಂದಲೇ ಹಾಡಿಕೊಂಡು ಬಂದು ಅವನ ಕುತ್ತಿಗೆಗೆ ಕಚ್ಚುತ್ತಿದ್ದವು. ದೂರುಗಳು ರಾಶಿ ಬಿದ್ದವು. ಔಷಧಿಗೆ ನೀರು ಬೆರೆಸಿದ್ದಾನೆಂದು ಇಲಾಖೆ ಅವನ ಕೈಗೆ ನೋಟಿಸು ಕೊಟ್ಟಿತು. ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ವಜಾ. ಪಾಪ, ಅವನು ಒಂದು ಹನಿ ನೀರನ್ನೂ ಬೆರೆಸಿದವನಲ್ಲ.

ಅವನ ಅಕ್ಕ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ನೋಟಿಸು ಓದಿ ನಕ್ಕಳು.

"ಔಷಧಿಗೆ ಸಾಯೋವು ಸತ್ತವು ಕಣೋ. ಹೇಗೋ ತಡ್ಕೊಂಡ ನಾಲ್ಕೈದು ಮೊಟ್ಟೆ ಇಟ್ಟವು. ಮರಿಗಳಿಗೂ ಅದೇ ಗಟ್ಟಿತನ ಬಂತು. ಎರಡು ವಾರಕ್ಕೊಂದು ತಲೆಮಾರು. ಜೀವವಿಕಾಸ ಅಂದ್ರೆ ಇದೇ, ನಿನ್ನ ಕಣ್ಣೆದುರೇ ಆಗಿದೆ."

"ಅವು ವಿಕಾಸ ಆದ್ರೆ ನನ್ನ ಕೆಲಸ ಯಾಕಕ್ಕಾ ಹೋಗ್ಬೇಕು?"

ವಿಚಾರಣೆಯ ದಿನ ಅಕ್ಕ ರಜೆ ಹಾಕಿ ಎರಡು ಗಾಜಿನ ಜಾಡಿ ಹಿಡಿದು ಬಂದಳು. ಒಂದರಲ್ಲಿ ಬೀದಿಯ ನೂರು ಸೊಳ್ಳೆ. ಇನ್ನೊಂದರಲ್ಲಿ ಇಲಾಖೆಯ ಪ್ರಯೋಗಾಲಯದಲ್ಲೇ ಬಲೆಗೂಡಿನಲ್ಲಿ ಸಾಕಿದ ನೂರು ಸೊಳ್ಳೆ. ಅವುಗಳ ಮುತ್ತಾತಂದಿರೂ ಹೊಗೆಯ ಮುಖ ಕಂಡಿರಲಿಲ್ಲ. ಎರಡಕ್ಕೂ ಒಂದೇ ಡಬ್ಬಿಯ ಔಷಧಿ. ಕಾಲು ಗಂಟೆಯಲ್ಲಿ ಪ್ರಯೋಗಾಲಯದವು ನೂರೂ ಅಂಗಾತ ಬಿದ್ದವು. ಬೀದಿಯವುಗಳಲ್ಲಿ ಎಂಬತ್ತಾರು ಗಾಜಿನ ಮೇಲೆ ಆರಾಮಾಗಿ ಓಡಾಡುತ್ತಿದ್ದವು.

ಆರೋಗ್ಯಾಧಿಕಾರಿ ಎದ್ದು ನಿಂತು ನೋಡಿದರು. "ಸಾಕ್ಷ್ಯ ಅಂದ್ರೆ ಹೀಗಿರ್ಬೇಕಮ್ಮಾ! ನಿಮ್ಮ ತಮ್ಮನದು ತಪ್ಪಿಲ್ಲ. ಔಷಧಿದೂ ತಪ್ಪಿಲ್ಲ. ತಪ್ಪೆಲ್ಲ ಈ ಸೊಳ್ಳೆಗಳದ್ದು."

"ಸರ್, ಔಷಧಿ ಬದಲಾಯಿಸ್ಬೇಕು ಅಂತ ಇದರರ್ಥ."

"ಔಷಧಿಗೆ ಅನುಮೋದನೆ ಇದೆ. ಈ ಸೊಳ್ಳೆಗಳಿಗೆ ಎಲ್ಲಿದೆ?"

ವಾರದೊಳಗೆ ಸುತ್ತೋಲೆ ಹೊರಬಿತ್ತು: "ಔಷಧಿಗೆ ಮಂಜೂರಾತಿ ದೊರೆತ ವರ್ಷದ ಸೊಳ್ಳೆಗಳನ್ನೂ ಅವುಗಳ ಬದಲಾಗದ ವಂಶಸ್ಥರನ್ನೂ ಮಾತ್ರ ಸೊಳ್ಳೆಗಳೆಂದು ಪರಿಗಣಿಸತಕ್ಕದ್ದು. ಹೊಗೆ ಹಾಕುವ ಮುನ್ನ ಪ್ರತಿ ಬೀದಿಯಲ್ಲೂ ಅಂತಹ ನೂರು ಸೊಳ್ಳೆಗಳನ್ನು ಬಿಟ್ಟು, ಹೊಗೆಯ ನಂತರ ಸತ್ತವುಗಳನ್ನು ಎಣಿಸಿ ವರದಿ ಸಲ್ಲಿಸತಕ್ಕದ್ದು."

ಹೊಗೆಯಣ್ಣನ ಕೆಲಸ ಉಳಿಯಿತು, ಕಾಯಂ ಕೂಡ ಆಯಿತು. ಅನುಮೋದಿತ ಸೊಳ್ಳೆಗಳು ಮೊಟ್ಟೆಯಿಡಲು ರಕ್ತ ಬೇಕಾದ್ದರಿಂದ ದಿನಾ ಬೆಳಿಗ್ಗೆ ಗೂಡಿನೊಳಗೆ ತೋಳು ಚಾಚಿ ಕೂರುವ ಹೊಣೆಯೂ ಅವನ ಹೆಗಲಿಗೇ ಬಿತ್ತು. ನಾಚಿಕೆಯೇನೋ ಆಗುತ್ತಿತ್ತು. ಆದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತಲ್ಲ. ಇಲಾಖೆಯ ಯಶಸ್ಸು ನೂರಕ್ಕೆ ನೂರಾಯಿತು.

ಮೂರನೆಯ ತಿಂಗಳು ಅಕ್ಕನಿಗೆ ಜ್ವರ ಬಂತು, ಎದ್ದು ನಿಲ್ಲಲಾರದಷ್ಟು. ಹೊಗೆಯಣ್ಣ ಅವಳನ್ನು ನಗರಸಭೆಯ ಆಸ್ಪತ್ರೆಗೆ ಕರೆದೊಯ್ದ. ಕಿಟಕಿಯೊಳಗಿನ ಗುಮಾಸ್ತೆ ಅರ್ಜಿ ನಮೂನೆ ಕೊಟ್ಟಳು. ಅದರಲ್ಲಿ 'ಕಚ್ಚಿದ ಸೊಳ್ಳೆ' ಎಂಬುದರ ಮುಂದೆ ಎರಡು ಚೌಕ: 'ಅನುಮೋದಿತ', 'ಇತರೆ'.

"ಇತರೆಗೆ ಗುರುತು ಹಾಕ್ಬೇಡಿ," ಎಂದಳು ಗುಮಾಸ್ತೆ. "ಅಂಥ ಸೊಳ್ಳೆಗಳೇ ಇಲ್ಲ. ಇಲ್ಲದ ಸೊಳ್ಳೆ ಕಚ್ಚಿದ್ದಕ್ಕೆ ಹಾಸಿಗೆ ಕೊಡೋಕೆ ಬರಲ್ಲ."

"ಮತ್ತೆ ಆ ಚೌಕ ಯಾಕಿದೆ?" ಅಕ್ಕ ಕೇಳಿದಳು.

"ಖಾಲಿ ಬಿಡೋಕೆ."

ಅಕ್ಕ ತಮ್ಮನ ಮುಖ ನೋಡಿದಳು. ಅವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. "ಹಾಕ್ಬಿಡಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದ.

ಅವಳು ಮೊದಲ ಚೌಕಕ್ಕೆ ಗುರುತು ಹಾಕಿದಳು. ಕೆಳಗಿನ ಸಾಲಿನಲ್ಲಿ 'ಕಚ್ಚಿದ ನಂತರ ಸೊಳ್ಳೆಯ ಸ್ಥಿತಿ' ಎಂದಿತ್ತು. ಕಪ್ಪು ಹಲಗೆಯ ಮೇಲೆ ಬರೆಯುವಷ್ಟೇ ದುಂಡಗೆ 'ಮೃತ' ಎಂದು ಬರೆದಳು.

"ನೋಡಿದವರು ಯಾರಾದ್ರೂ ಇದ್ದಾರಾ?" ಗುಮಾಸ್ತೆ ಕೇಳಿದಳು.

"ನಾನೇ ನೋಡಿದೀನಿ," ಎಂದು ಹೊಗೆಯಣ್ಣ ಸಹಿ ಹಾಕಿದ. ಹಾಸಿಗೆ ಸಿಕ್ಕಿತು.